ಡ್ರಮ್ ಮೆಷೀನಿಗೆ ಕಿವಿ ಇಲ್ಲ, ತಗೊಳ್ಳುವ ಮೊದ್ಲು ಇದೊಮ್ಮೆ ಓದಿ

ಕಳೆದ ತಿಂಗಳು ಬದಿಯಡ್ಕದಿಂದ ಒಬ್ಬ ಹುಡುಗ ಫೋನ್ ಮಾಡಿದ, "ಅಣ್ಣಾ ಒಂದು ಡ್ರಮ್ ಮೆಷೀನ್ ತಗೊಳ್ಬೇಕು, ಯಾವುದು ಒಳ್ಳೇದುಂಟು ಹೇಳಿ" ಅಂತ. ನಾನು ತಿರುಗಿ ಕೇಳಿದ್ದು ಒಂದೇ, ಸ್ಟೇಜಲ್ಲಿ ಅದನ್ನು ಒತ್ತುದು ಯಾರು ಮಾರಾಯ? ಅವ್ನು ಸುಮ್ಮನಾದ. ಅವ್ರದ್ದು ಮೂರೇ ಜನದ ಟೀಮು, ಒಬ್ಬ ಹಾರ್ಮೋನಿಯಂ ಹಿಡ್ಕೊಂಡು ಹಾಡುದು, ಒಬ್ಬ ಕೀಬೋರ್ಡು, ಇವ್ನು ಗಿಟಾರು, ಆರು ಕೈಯೂ ಬಿಜಿ. ಹಾಗಿರುವಾಗ ಯೂಟ್ಯೂಬಲ್ಲಿ ನೋಡಿದ ಲೈಟ್ ಮಿಣಮಿಣ ಅನ್ನುವ ಮೆಷೀನ್ ತಂದು ಮೇಜಿನ ಮೇಲಿಟ್ರೆ ಹಾಡಿನ ನಡುವೆ ಚರಣಕ್ಕೆ ಬದಲಾಯಿಸುದು ಯಾರು, ಕೊನೆಗೆ ನಿಲ್ಲಿಸುದು ಯಾರು? ಜನ ಸೌಂಡ್ ಕೇಳಿ ಮೆಷೀನ್ ತಗೊಳ್ತಾರೆ, ನನ್ನ ಲೆಕ್ಕದಲ್ಲಿ ಸೌಂಡ್ ಕೊನೆಗೆ ನೋಡ್ಬೇಕಾದ್ದು.

ಮೊದ್ಲು ಒಂದು ಗೊಂದಲ ಬಿಡಿಸ್ತೇನೆ. ನಮ್ಮ ಕಡೆ ರಿದಂ ಪ್ಯಾಡ್ ಅಂತ ಹೇಳುದು ಬೇರೆ, ಡ್ರಮ್ ಮೆಷೀನ್ ಬೇರೆ. ಪ್ಯಾಡ್ ಅಂದ್ರೆ ಕೋಲಲ್ಲಿ ಬಾರಿಸುದು, ರೋಲಾಂಡ್ ಕಂಪನಿಯವ್ರು 1985ರಲ್ಲಿ ಆಕ್ಟಾಪ್ಯಾಡ್ ತಂದ್ರು, ಮತ್ತೆ ಎಸ್‌ಪಿಡಿ-20 ಬಂದ ಮೇಲೆ ಗಾನಮೇಳಕ್ಕೆಲ್ಲ ಅದೇ ರಾಜ. ಅದಕ್ಕೊಬ್ಬ ಬಾರಿಸುವವ ಬೇಕು. ಡ್ರಮ್ ಮೆಷೀನ್ ಅಂದ್ರೆ ನೀವು ಮೊದ್ಲೇ ಬರೆದಿಟ್ಟ ಪೆಟ್ಟುಗಳನ್ನು ಅದೇ ಬಾರಿಸ್ತಾ ಹೋಗುದು. ನಿಮ್ಮಲ್ಲಿ ಒಳ್ಳೆ ಪ್ಯಾಡ್ ಪ್ಲೇಯರ್ ಇದ್ರೆ ಮೆಷೀನ್ ಬೇಡವೇ ಬೇಡ, ಅವ್ನಿಗೆ ಇನ್ನು ಐನೂರು ರೂಪಾಯಿ ಜಾಸ್ತಿ ಕೊಡಿ ಸಾಕು. ಮತ್ತೆ ಕೀಬೋರ್ಡಿನವನ ಹತ್ರ ಸ್ಟೈಲ್, ಅಂದ್ರೆ ತಾಳ ತಾನೇ ಬಾರಿಸುವ ವ್ಯವಸ್ಥೆ, ಇರುವ ಕೀಬೋರ್ಡ್ ಉಂಟಾ ನೋಡಿ, ಯಮಹಾದ ಪಿಎಸ್‌ಆರ್-ಐ500 ಥರದ್ದರಲ್ಲಿ ಇಂಡಿಯನ್ ಸ್ಟೈಲ್ ಬೇಕಾದಷ್ಟು ಉಂಟು, ಮದುವೆ ರಿಸೆಪ್ಶನಿಗೆ ಅದೇ ಧಾರಾಳ. ಡ್ರಮ್ ಮೆಷೀನ್ ಬೇಕಾಗುದು ನಿಮ್ಮದೇ ಹಾಡು ಮಾಡುವಾಗ, ನಿಮ್ಮದೇ ಪೆಟ್ಟು ಬೇಕು ಅಂತ ಆಗುವಾಗ, ಇಲ್ಲಾ ಇಬ್ಬರು ಮೂವರೇ ಹೋಗಿ ಪ್ರೋಗ್ರಾಂ ಕೊಡುವಾಗ.

ಈಗ ದೊಡ್ಡ ವಿಷಯ. ಮೆಷೀನಿಗೆ ಕಿವಿ ಇಲ್ಲ. ತಬಲದವ ಹಾಡುವವನ ಮುಖ ನೋಡಿ ಬಾರಿಸ್ತಾನೆ, ಇದು ಯಾರ ಮುಖವನ್ನೂ ನೋಡುದಿಲ್ಲ. ನಮ್ಮ ಭಜನೆ ಎಂಥದ್ದು ಹೇಳಿ, ನಿಧಾನ ಶುರುವಾಗಿ ಕೊನೆಗೆ ಬರುವಾಗ ಗೋವಿಂದ ಗೋವಿಂದ ಅಂತ ಡಬಲ್ ಸ್ಪೀಡಲ್ಲಿ ಓಡುದು, ಕುಣಿತ ಭಜನೆಯಾದ್ರೆ ಮಕ್ಕಳ ಕಾಲು ಎಷ್ಟು ಜೋರಾಗ್ತದಾ ತಾಳವೂ ಅಷ್ಟು ಜೋರು. ಅದಕ್ಕೆ ಮೆಷೀನ್ ಇಟ್ರೆ ಎರಡರಲ್ಲಿ ಒಂದು, ಇಲ್ಲಾ ಭಜನೆ ಸಾಯ್ತದೆ ಇಲ್ಲಾ ಮೆಷೀನ್ ಹಿಂದೆ ಬೀಳ್ತದೆ. ಯಕ್ಷಗಾನಕ್ಕಂತೂ ಆ ಯೋಚನೆಯೇ ಬೇಡ, ಭಾಗವತರು ಒಂದು ಪದವನ್ನು ಎಳೆದ್ರೆ ಚೆಂಡೆ ಮದ್ದಳೆ ಕಾಯ್ತದೆ, ಮೆಷೀನ್ ಕಾಯುದಿಲ್ಲ. ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ಪಕ್ಕದಲ್ಲೇ ಕೂತು ಇಷ್ಟೂ ಹೇಳದಿದ್ರೆ ಹೇಗೆ. ಹಾಗಾಗಿ ಲೆಕ್ಕ ಹಾಕಿ, ನಿಮ್ಮ 20 ಹಾಡಲ್ಲಿ ಲಯ ಒಂದೇ ಇರುವ ಹಾಡು ಎಷ್ಟು ಉಂಟು? ಹತ್ತು ಹನ್ನೆರಡು ಇದ್ರೆ ಮೆಷೀನ್ ತಗೊಂಡು ಲಾಭ ಉಂಟು. ನಾಲ್ಕೇ ಇದ್ರೆ ಆ ಪೈಸೆಯಲ್ಲಿ ಒಂದು ಒಳ್ಳೆ ಮೈಕ್ ತಗೊಳ್ಳಿ.

ಸ್ಟೇಜಿಗೆ ನೋಡ್ಬೇಕಾದ್ದು ಎಂತೆಲ್ಲ ಅಂದ್ರೆ, ಮೊದ್ಲನೇದು ಕಾಲಲ್ಲಿ ಒತ್ತಲಿಕ್ಕೆ ಆಗ್ತದಾ ಅಂತ. ಫುಟ್‌ಸ್ವಿಚ್ ಹಾಕುವ ತೂತು ಹಿಂದೆ ಉಂಟಾ ನೋಡಿ. ಅಲೆಸಿಸ್ ಎಸ್‌ಆರ್-16 ಅಂತ ಒಂದು ಹಳೇ ಮೆಷೀನು, 1990ರ ಹೊತ್ತಿಗೆ ಬಂದದ್ದು, ನೋಡ್ಲಿಕ್ಕೆ ಹಳೇ ಕಾಲದ ಕ್ಯಾಲ್ಕುಲೇಟರ್ ಹಾಗೆ ಉಂಟು, ಆದ್ರೆ ಅದರ ಹಿಂದೆ ಎರಡು ಫುಟ್‌ಸ್ವಿಚ್ ಹಾಕ್ಲಿಕ್ಕಾಗ್ತದೆ, ಒಂದರಲ್ಲಿ ಶುರು ಮಾಡುದು ನಿಲ್ಲಿಸುದು, ಇನ್ನೊಂದರಲ್ಲಿ ಪಲ್ಲವಿಯಿಂದ ಚರಣಕ್ಕೆ ಹೋಗುದು, ನಡುವಿನಲ್ಲಿ ಫಿಲ್, ಅಂದ್ರೆ ಭಾಗ ಬದಲಾಗುವಾಗಿನ ತುಂಬು ಪೆಟ್ಟು, ಅದೇ ಹಾಕ್ತದೆ. ಒಬ್ಬನೇ ಗಿಟಾರ್ ಹಿಡ್ಕೊಂಡು ಹಾಡುವವನಿಗೆ ಇದರಷ್ಟು ಉಪಕಾರ ಇನ್ನೊಂದಿಲ್ಲ. ಹೊಸ ಹೊಸ ಚಂದದ ಮೆಷೀನಲ್ಲಿ ಎಷ್ಟೋ ಸಲ ಈ ತೂತೇ ಇರುದಿಲ್ಲ, ಇದ್ರೂ ಮಿಡಿ, ಅಂದ್ರೆ ಸಂಗೀತದ ಮೆಷೀನುಗಳು ಒಂದಕ್ಕೊಂದು ಮಾತಾಡುವ ಭಾಷೆ, ಅದರ ಪೆಡಲ್ ಅಂತ ಬೇರೆ ತಗೊಳ್ಬೇಕು.

ಎರಡನೇದು, ಒಂದು ಪ್ಯಾಟರ್ನಿಂದ, ಅಂದ್ರೆ ತಿರುಗಿ ತಿರುಗಿ ಬರುವ ಪೆಟ್ಟಿನ ಒಂದು ಸುತ್ತಿನಿಂದ, ಇನ್ನೊಂದಕ್ಕೆ ಯಾವಾಗ ಹಾರ್ತದೆ ಅಂತ. ತುಂಬಾ ಮೆಷೀನು ಈಗ ಓಡ್ತಿರುವ ಪ್ಯಾಟರ್ನ್ ಮುಗಿಯುವವರೆಗೆ ಕಾಯ್ತದೆ. ನೀವು 64 ಸ್ಟೆಪ್ಪಿನ, ಅಂದ್ರೆ ಒಂದು ಬೀಟಿಗೆ ನಾಲ್ಕರಂತೆ 64 ಮನೆಯ, ಪ್ಯಾಟರ್ನ್ ಬರೆದಿದ್ದೀರಿ, ಲಯ 100, ಅಂದ್ರೆ ನಿಮಿಷಕ್ಕೆ 100 ಬೀಟ್, ಅಂತ ಇಟ್ಕೊಳ್ಳಿ, 16 ಬೀಟ್ ಆಗ್ಬೇಕಾದ್ರೆ ಒಂಬತ್ತೂವರೆ ಸೆಕೆಂಡ್ ಬೇಕು. ಗಾಯಕಿ ಒಂದು ಸಾಲು ಮರೆತು ಸೀದಾ ಚರಣಕ್ಕೆ ಹಾರಿದ್ಲು ಅಂದ್ರೆ ನೀವು ಬಟನ್ ಒತ್ತಿ ಒಂಬತ್ತು ಸೆಕೆಂಡ್ ದೇವರನ್ನು ನೆನೆಸ್ಬೇಕು. ಕೆಲವದ್ರಲ್ಲಿ ಒತ್ತಿದ ತಕ್ಷಣ ಹಾರುವ ಆಯ್ಕೆ ಉಂಟು, ಅಂಗಡಿಯಲ್ಲಿ ಅದನ್ನೇ ಮೊದ್ಲು ಕೇಳಿ. ಇಲ್ಲದಿದ್ರೆ ಪ್ಯಾಟರ್ನನ್ನೇ 16 ಸ್ಟೆಪ್ಪಿಗೆ ಗಿಡ್ಡ ಮಾಡಿ ಇಡಿ, ಆಗ ಕಾಯುದು ಎರಡೂವರೆ ಸೆಕೆಂಡಿನೊಳಗೆ ಮುಗೀತದೆ.

ಮತ್ತೆ ಪ್ಯಾಟರ್ನ್ ಎಷ್ಟು ಹಿಡೀತದೆ ಅನ್ನುದು. ಒಂದು ಹಾಡಿಗೆ ಪಲ್ಲವಿ, ಚರಣ, ನಡುವಿನ ಮ್ಯೂಸಿಕ್ಕಿಗೊಂದು ಅಂತ ಕನಿಷ್ಠ ಮೂರು ಬೇಕು. ಕೋರ್ಗ್ ಕಂಪನಿಯ ವೋಲ್ಕಾ ಬೀಟ್ಸಲ್ಲಿ ಜಾಗ ಇರುದು 8 ಪ್ಯಾಟರ್ನಿಗೆ, ಅಂದ್ರೆ ಮೂರನೇ ಹಾಡಿಗೆ ಬರುವಾಗ ಖಾಲಿ. ಮನೆಯಲ್ಲಿ ಆಡ್ಲಿಕ್ಕೆ ಗಮ್ಮತ್ತುಂಟು, ಎರಡು ಗಂಟೆಯ ಪ್ರೋಗ್ರಾಮಿಗೆ ಅಲ್ಲ. ರೋಲಾಂಡ್ ಟಿಆರ್-8ಎಸ್ ಆದ್ರೆ 128 ಪ್ಯಾಟರ್ನು, ಒಂದೊಂದಕ್ಕೆ ಎಂಟೆಂಟು ವೇರಿಯೇಶನ್ನು ಬೇರೆ, ಹಾಗಾಗಿ ಒಂದು ಹಾಡು ಅಂದ್ರೆ ಒಂದು ಪ್ಯಾಟರ್ನ್, ಅದರೊಳಗೆ ಪಲ್ಲವಿ ಚರಣ ಎಲ್ಲ ವೇರಿಯೇಶನ್ ಅಂತ ಇಟ್ರೆ ತಲೆಬಿಸಿ ಇಲ್ಲ. ನಮ್ಮಲ್ಲಿ ಒಂದೇ ಪ್ರೋಗ್ರಾಮಲ್ಲಿ ಕನ್ನಡ ಭಾವಗೀತೆ, ತುಳು ಹಾಡು, ಮಲಯಾಳಂ ಹಾಡು ಮೂರೂ ಹಾಡ್ಬೇಕಲ್ಲ, ಮಂಜೇಶ್ವರದಲ್ಲಿ ಹಾಡುವ ಪಟ್ಟಿ ಬೇರೆ ಕಾಞಂಗಾಡಿನದ್ದು ಬೇರೆ, ಜಾಗ ಕಮ್ಮಿ ಇದ್ರೆ ಪ್ರತಿ ಪ್ರೋಗ್ರಾಮಿಗೂ ಅಳಿಸಿ ಬರೆಯುದೇ ಕೆಲಸ.

ಟ್ಯಾಪ್ ಟೆಂಪೋ ಬೇಕೇ ಬೇಕು, ಅಂದ್ರೆ ಒಂದು ಬಟನನ್ನು ಲಯಕ್ಕೆ ನಾಲ್ಕು ಸಲ ತಟ್ಟಿದ್ರೆ ಮೆಷೀನ್ ಆ ಲಯ ಹಿಡ್ಕೊಳ್ಳುದು. ಹಾಡುವವರು ಇವತ್ತು ಗಂಟಲು ಸರಿ ಇಲ್ಲ ಸ್ವಲ್ಪ ನಿಧಾನ ಹೋಗುವ ಅಂತ ಹೇಳಿದ್ರೆ ನಂಬರ್ ಹುಡುಕ್ಲಿಕ್ಕೆ ಹೊತ್ತಿರುದಿಲ್ಲ. ಹಾಗೇ ಕಿಕ್, ಅಂದ್ರೆ ಡುಂ ಅನ್ನುವ ದೊಡ್ಡ ಡ್ರಮ್, ಅದನ್ನು ಮಾತ್ರ ಬಂದ್ ಮಾಡುದು, ಸ್ನೇರ್, ಅಂದ್ರೆ ಚಟ್ ಅನ್ನುವ ಸಣ್ಣ ಡ್ರಮ್, ಅದನ್ನು ಮಾತ್ರ ಬಂದ್ ಮಾಡುದು ಒಂದೇ ಒತ್ತಿಗೆ ಆಗ್ಬೇಕು. ಮೆನುವಿನೊಳಗೆ ಮೂರು ಸಲ ಹೋಗ್ಬೇಕಾದ ಯಾವ ಕೆಲಸವೂ ಸ್ಟೇಜಲ್ಲಿ ಇಲ್ಲ ಅಂತಲೇ ಲೆಕ್ಕ, ಎದುರಿಂದ ಹ್ಯಾಲೋಜನ್ ಲೈಟ್ ಕಣ್ಣಿಗೆ ಹೊಡೀತಿರುವಾಗ ಆ ಸಣ್ಣ ಸ್ಕ್ರೀನಲ್ಲಿ ಎಂತ ಬರೆದಿದೆ ಅಂತಲೇ ಕಾಣುದಿಲ್ಲ.

ಕರೆಂಟಿನ ಕತೆ ಹೇಳದಿದ್ರೆ ಇದು ಕಾಸರಗೋಡಿನ ಬರಹವೇ ಅಲ್ಲ. ಒಂದು ಶಾರದೋತ್ಸವದಲ್ಲಿ ಮೂರನೇ ಹಾಡಿನ ನಡುವೆ ಕರೆಂಟ್ ಹೋಯ್ತು, ಜನರೇಟರ್ ಹತ್ತು ಸೆಕೆಂಡಲ್ಲಿ ಬಂತು, ಮೈಕ್ ಬಂತು, ಕೀಬೋರ್ಡ್ ಬಂತು, ನನ್ನ ಮೆಷೀನ್ ಮಾತ್ರ ಕಂಪನಿಯ ಹೆಸರು ತೋರಿಸ್ತಾ ಕೂತಿತು. ಹಾಡುವವರು ಪಾಪ ಚಪ್ಪಾಳೆ ತಟ್ಟಿಸ್ತಾ ಹೊತ್ತು ಕಳೆದ್ರು. ಕೊನೆಗೆ ಎದ್ದ ಮೇಲೆ ನಾನು ಗಡಿಬಿಡಿಯಲ್ಲಿ ಪ್ಲೇ ಒತ್ತಿದ್ದು, ಅದು ಬಾರಿಸಿದ್ದು ಒಳಗೆ ಮೊದ್ಲೇ ಇದ್ದ ಡೆಮೋ ಪ್ಯಾಟರ್ನನ್ನು, 120ರ ಲಯದಲ್ಲಿ ಟೆಕ್ನೋ. ದೇವಿಯ ಹಾಡಿಗೆ. ಎದುರಿನ ಸಾಲಿನ ಅಜ್ಜಿಯೊಬ್ಬರು ನನ್ನನ್ನು ನೋಡಿದ ನೋಟ ಈಗಲೂ ನೆನಪುಂಟು. ಅದ್ರಿಂದ ಕಲಿತದ್ದು ಮೂರು. ಒಂದು, ಸ್ವಿಚ್ ಹಾಕಿದ ಮೇಲೆ ಏಳ್ಲಿಕ್ಕೆ ಎಷ್ಟು ಸೆಕೆಂಡ್ ಅಂತ ವಾಚ್ ಹಿಡ್ಕೊಂಡು ನೋಡಿ. ಎರಡು, ಬರೆದದ್ದು ತಾನಾಗಿ ಸೇವ್ ಆಗ್ತದಾ ಅಥವಾ ನೀವು ಸೇವ್ ಒತ್ತಬೇಕಾ ಅಂತ ತಿಳ್ಕೊಳ್ಳಿ, ನಾನು ಸೌಂಡ್ ಚೆಕ್ಕಲ್ಲಿ ಸರಿ ಮಾಡಿದ ಲಯ ಎಲ್ಲ ಅವತ್ತು ಗಾಳಿಗೆ ಹೋಗಿತ್ತು. ಮೂರು, ಬ್ಯಾಟರಿಯಲ್ಲಿ ನಡೆಯುವಂಥದ್ದಾದ್ರೆ ಅರ್ಧ ಚಿಂತೆ ಕಮ್ಮಿ. ರೋಲಾಂಡ್ ಟಿಆರ್-6ಎಸ್ ನಾಲ್ಕು ಎಎ ಬ್ಯಾಟರಿಯಲ್ಲೂ ಯುಎಸ್‌ಬಿಯಲ್ಲೂ ಓಡ್ತದೆ, ವೋಲ್ಕಾಕ್ಕೆ ಆರು ಎಎ, ಅಕಾಯಿಯ ಎಂಪಿಸಿ ಲೈವಲ್ಲಿ ಚಾರ್ಜ್ ಆಗುವ ಬ್ಯಾಟರಿ ಒಳಗೇ ಉಂಟು. ಉಳಿದದ್ದಕ್ಕೆ ಕಂಪ್ಯೂಟರಿಗೆ ಇಡುವ ಸಣ್ಣ ಯುಪಿಎಸ್ ಒಂದು ತಗೊಂಡು ಹೋಗಿ, ಭಾರ ಉಂಟು ನಿಜ, ಆದ್ರೆ ಮಾನ ಉಳೀತದೆ.

ಅಡಾಪ್ಟರ್ ಬಗ್ಗೆ ಇನ್ನೊಂದು ಮಾತು. 9 ವೋಲ್ಟ್ ಅಂತ ಬರೆದದ್ದೆಲ್ಲ ಒಂದೇ ಅಲ್ಲ. ಆ ಎಸ್‌ಆರ್-16ಕ್ಕೆ ಬೇಕಾದ್ದು 9 ವೋಲ್ಟ್ ಎಸಿ, ಗಿಟಾರ್ ಪೆಡಲಿನದ್ದು 9 ವೋಲ್ಟ್ ಡಿಸಿ, ಅದ್ರಲ್ಲೂ ನಡುವೆ ಮೈನಸ್ಸು. ಪಿನ್ ಹಿಡಿಸ್ತದೆ ಅಂತ ಸಿಕ್ಕಿದ್ದನ್ನು ಹಾಕ್ಬೇಡಿ. ಎಸಿಯಾ ಡಿಸಿಯಾ, ಪ್ಲಸ್ ಒಳಗಾ ಹೊರಗಾ, ಎಷ್ಟು ಮಿಲಿಆಂಪ್ ಅಂತ ಮೂರೂ ನೋಡಿ ಅಡಾಪ್ಟರ್ ಮೇಲೆಯೇ ಬಿಳಿ ಟೇಪ್ ಅಂಟಿಸಿ ಮೆಷೀನಿನ ಹೆಸರು ಬರೆದಿಡಿ.

ಈಗ ನನಗೆ ಇಷ್ಟದ ವಿಷಯ, ತಾಳ. ಈ ಮೆಷೀನುಗಳ ಮುಖದಲ್ಲಿ ಸಾಮಾನ್ಯವಾಗಿ 16 ಬಟನ್ ಸಾಲಾಗಿ ಕೂತಿರ್ತದಲ್ಲ, ಅದು ನಾಲ್ಕು ಬೀಟಿಗೆ ನಾಲ್ಕು ನಾಲ್ಕು ಅಂತ ಮಾಡಿದ್ದು, ಅಂದ್ರೆ ಅವ್ರ ಪೂರ್ತಿ ಯೋಚನೆಯೇ ನಾಲ್ಕರಲ್ಲಿ. ಆದಿತಾಳಕ್ಕೆ ತೊಂದ್ರೆ ಇಲ್ಲ, 8 ಅಕ್ಷರ, ಅಂದ್ರೆ ತಾಳದ 8 ಎಣಿಕೆ, ಒಂದಕ್ಕೆ ಎರಡು ಸ್ಟೆಪ್ ಇಟ್ರೆ 16ಕ್ಕೆ ಸರಿಯಾಯ್ತು. ತೊಂದ್ರೆ ಶುರುವಾಗುದು ಮಿಶ್ರಛಾಪು ಬಂದಾಗ. ತಕಿಟ ತಕಧಿಮಿ, 7 ಅಕ್ಷರ, ಒಂದಕ್ಕೆ ಎರಡು ಸ್ಟೆಪ್ಪಂತೆ 14 ಬೇಕು, ಹಾಗಾಗಿ ಕೊನೆಯ ಎರಡು ಬಟನನ್ನು ಬಿಟ್ಟು 14ರಲ್ಲೇ ತಿರುಗಿ ಮೊದಲಿಗೆ ಬರ್ಬೇಕು. ಕೊನೆಯ ಸ್ಟೆಪ್ ಯಾವುದು ಅಂತ ಹೇಳುವ ವ್ಯವಸ್ಥೆ ಮೆಷೀನಲ್ಲಿ ಉಂಟಾ ಅಂತ ನೋಡುದೇ ನಮ್ಮವ್ರಿಗೆ ದೊಡ್ಡ ಪರೀಕ್ಷೆ. ಇದ್ರೆ ಕಿಕ್ಕನ್ನು 1ರಲ್ಲಿ ಇಡಿ, ಸ್ನೇರೋ ಅದರ ಅಂಚಿನ ಪೆಟ್ಟಾದ ರಿಮ್‌ಶಾಟೋ 7ರಲ್ಲಿ ಮತ್ತೆ 11ರಲ್ಲಿ ಇಡಿ, ಹೈಹ್ಯಾಟ್, ಅಂದ್ರೆ ಚಿಕ್ ಚಿಕ್ ಅನ್ನುವ ಜೋಡಿ ತಟ್ಟೆ, ಒಂದು ಬಿಟ್ಟು ಒಂದು, ಅಷ್ಟೇ, ಛಾಪು ಬಂತು. ಖಂಡಛಾಪು ಆದ್ರೆ 5 ಅಕ್ಷರ, 10 ಸ್ಟೆಪ್ಪು, ಪೆಟ್ಟು 1ಕ್ಕೆ ಮತ್ತೆ 5ಕ್ಕೆ. ತಿಶ್ರದ, ಅಂದ್ರೆ ಮೂರು ಮೂರರ ನಡೆಯ ಹಾಡುಗಳಿಗೆ, ನಮ್ಮ ಕುಣಿಯುವ ತುಳು ಹಾಡುಗಳು ಎಷ್ಟೋ ಇದೇ ನಡೆ, 12 ಸ್ಟೆಪ್ ಇಟ್ಟು ಕಿಕ್ 1ರಲ್ಲಿ ಸ್ನೇರ್ 7ರಲ್ಲಿ. ಟಿಆರ್-8ಎಸ್, ಎಲೆಕ್ಟ್ರಾನ್ ಡಿಜಿಟಾಕ್ಟ್ ಎರಡರಲ್ಲೂ ಪ್ರತಿ ವಾದ್ಯಕ್ಕೂ ಬೇರೆ ಬೇರೆ ಉದ್ದ ಇಡ್ಲಿಕ್ಕೂ ಆಗ್ತದೆ, ಅಂದ್ರೆ ಕಿಕ್ 16ರಲ್ಲಿ ತಿರುಗ್ತಾ ಇರುವಾಗ ಗಂಟೆಯ ಸದ್ದು 14ರಲ್ಲಿ ತಿರುಗುದು, ರಾತ್ರಿ ಕೂತು ಅದನ್ನೇ ಕೇಳ್ತಾ ಇದ್ರೆ ಬೆಳಗಾದದ್ದು ಗೊತ್ತಾಗುದಿಲ್ಲ. ವೋಲ್ಕಾ ಬೀಟ್ಸಲ್ಲಿ ಬೇಡದ ಸ್ಟೆಪ್ಪನ್ನು ಹಾರಿಸಿ ಬಿಡುವ ಉಪಾಯ ಉಂಟು, ಎಸ್‌ಆರ್-16ರಲ್ಲಿ ಪ್ಯಾಟರ್ನಿನ ಉದ್ದ ಬೀಟಲ್ಲಿ ಹೇಳುದು, ಅಕ್ಷರವನ್ನೇ ಬೀಟ್ ಅಂತ ತಗೊಂಡು 7 ಬೀಟಿನದ್ದು ಬರೆದು ಲಯವನ್ನು ಡಬಲ್ ಮಾಡಿ. ಅಂಗಡಿಯವ್ರು ಇದೆಲ್ಲ ಎಂತಕ್ಕೆ ಅಂತ ಮುಖ ನೋಡ್ಬಹುದು, ನೋಡ್ಲಿ.

ಒಂದು ಎಚ್ಚರ. ಪೆಟ್ಟು ಸರಿ ಬಿದ್ದ ಕೂಡ್ಲೇ ತಾಳ ಆಗುದಿಲ್ಲ. ಎಲ್ಲ ಪೆಟ್ಟೂ ಒಂದೇ ಜೋರಲ್ಲಿ ಇದ್ರೆ ಹೊಲಿಗೆ ಮೆಷೀನಿನ ಸದ್ದು. ಒಂದೊಂದು ಪೆಟ್ಟಿಗೂ ಜೋರು ಮೆಲ್ಲ ಬೇರೆ ಬೇರೆ ಇಡ್ಲಿಕ್ಕಾಗ್ಬೇಕು, ಅದಿಲ್ಲದಿದ್ರೆ ತಗೊಳ್ಳಲೇ ಬೇಡಿ. ಮತ್ತೆ ಸ್ವಿಂಗ್ ಅಂತ ಒಂದುಂಟು, ರೋಜರ್ ಲಿನ್ ಅವ್ರು 1980ರಲ್ಲಿ ಎಲ್‌ಎಂ-1 ಅಂತ ಒಂದು ಮೆಷೀನ್ ಮಾಡಿದ್ರು, ನಿಜವಾದ ಡ್ರಮ್ಮಿನ ಸದ್ದನ್ನೇ ರೆಕಾರ್ಡ್ ಮಾಡಿ ಒಳಗೆ ತುಂಬಿಸಿದ ಮೊದಲ ಮೆಷೀನದು, ಅದ್ರಲ್ಲಿ ಎರಡನೇ ಪೆಟ್ಟನ್ನು ಸ್ವಲ್ಪ ತಡ ಮಾಡುವ ಈ ಉಪಾಯವನ್ನೂ ಇಟ್ರು. 50 ಅಂದ್ರೆ ಸೀದಾ, 66ರ ಹತ್ರ ಹೋದ್ರೆ ಪೂರ್ತಿ ತಿಶ್ರದ ಓಲಾಟ. ಲಾವಣಿ ಥರದ ಹಾಡಿಗೆ 56, 58 ಇಟ್ಟು ನೋಡಿ, ಒಮ್ಮೆಲೇ ಜೀವ ಬರ್ತದೆ.

ಸೌಂಡಿನ ವಿಷಯ ಬೇಗ ಮುಗಿಸ್ತೇನೆ. ರೋಲಾಂಡಿನ ಟಿಆರ್-808 ಬಂದದ್ದೂ 1980ರಲ್ಲೇ, ಅದ್ರಲ್ಲಿ ನಿಜವಾದ ಡ್ರಮ್ಮಿನ ಸದ್ದೇ ಇಲ್ಲ, ಎಲ್ಲ ಸರ್ಕಿಟಿನಿಂದಲೇ ಹುಟ್ಟಿಸಿದ್ದು, 1983ಕ್ಕೆ ಅದು ನಿಂತು 909 ಬಂತು, ಅದ್ರಲ್ಲಿ ಸಿಂಬಲ್ ಹೈಹ್ಯಾಟ್ ಮಾತ್ರ ರೆಕಾರ್ಡ್ ಮಾಡಿದ್ದು, ಮಿಡಿಯೂ ಬಂತು. ಇವತ್ತಿಗೂ ಎಲ್ಲರೂ ಬೆನ್ನು ಹತ್ತಿರುದು ಈ ಎರಡರ ಸೌಂಡನ್ನೇ, ಬೆಹ್ರಿಂಗರ್ ಆರ್‌ಡಿ-8 ಅಂತೂ 808ರ ನಕಲೇ. ಪೂರ್ತಿ ಅನಲಾಗ್, ಅಂದ್ರೆ ಸರ್ಕಿಟಿನಿಂದಲೇ ಸದ್ದು ಹುಟ್ಟಿಸುವ ಮೆಷೀನಲ್ಲಿ, ಉದಾಹರಣೆಗೆ ಆರ್ಟೂರಿಯಾ ಡ್ರಮ್‌ಬ್ರೂಟಲ್ಲಿ, ನೀವು ಬೇರೆ ಸದ್ದು ತುಂಬಿಸ್ಲಿಕ್ಕೆ ಆಗುದಿಲ್ಲ, ಇದ್ದದ್ದೇ ತಿರುಗಿಸ್ಬೇಕು. ನಮಗೆ ಜಾಗಟೆ, ತಾಳ, ಡೋಲಕ್ ಎಲ್ಲ ಬೇಕಲ್ಲ, ಹಾಗಾಗಿ ಸ್ಯಾಂಪಲ್, ಅಂದ್ರೆ ರೆಕಾರ್ಡ್ ಮಾಡಿದ ಸದ್ದು, ತುಂಬಿಸ್ಲಿಕ್ಕಾಗುವ ಮೆಷೀನೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಟಿಆರ್-8ಎಸ್‌ಗೆ ಎಸ್‌ಡಿ ಕಾರ್ಡಲ್ಲಿ ವೇವ್ ಫೈಲ್ ಹಾಕ್ಬಹುದು, ಡಿಜಿಟಾಕ್ಟ್ ತಾನೇ ರೆಕಾರ್ಡ್ ಮಾಡ್ತದೆ, ಮೊದಲನೇ ಡಿಜಿಟಾಕ್ಟಲ್ಲಿ ಎಲ್ಲ ಮೋನೋ, ಅಂದ್ರೆ ಎಡ ಬಲ ಬೇರೆ ಇಲ್ಲ, 2024ರಲ್ಲಿ ಬಂದ ಎರಡನೇ ಡಿಜಿಟಾಕ್ಟಲ್ಲಿ ಸ್ಟೀರಿಯೋ. ಚೆಂಡೆಯ ಸದ್ದು ಬೇಕಾದ್ರೆ ಇಂಟರ್‌ನೆಟ್ಟಲ್ಲಿ ಹುಡುಕುದು ಬಿಟ್ಟು ಊರಿನ ಚೆಂಡೆಯವರಿಗೆ ಒಂದು ಸಂಜೆಯ ಸಂಭಾವನೆ ಕೊಟ್ಟು, ಕೇಳಿ ಒಪ್ಪಿಗೆ ತಗೊಂಡು, ಮೆಲ್ಲ ಮಧ್ಯಮ ಜೋರು ಅಂತ ಒಂದೊಂದು ಪೆಟ್ಟನ್ನು ಐದಾರು ಸಲ ರೆಕಾರ್ಡ್ ಮಾಡ್ಕೊಳ್ಳಿ.

ಕಿಕ್ಕಿಗೂ ಶ್ರುತಿ ಉಂಟು ಅನ್ನುದು ಎಷ್ಟೋ ಜನರಿಗೆ ಗೊತ್ತಿಲ್ಲ. 808ರ ಹಾಗೆ ಉದ್ದಕ್ಕೆ ಗುಂಯ್ ಅನ್ನುವ ಕಿಕ್ ಆದ್ರೆ ಅದೊಂದು ಸ್ವರವೇ. ಹಾಡುವವ್ರ ಶ್ರುತಿ ಬಿಳಿ ನಾಲ್ಕು, ಕಿಕ್ ಅದಕ್ಕಿಂತ ಅರ್ಧ ಸ್ವರ ಮೇಲೆ ಕೂತ್ರೆ ಎಂತದೋ ಕೆಸರು ಕೆಸರು ಕೇಳ್ತದೆ, ಸೌಂಡಿನವ ಬಾಸ್ ಕಮ್ಮಿ ಮಾಡ್ತಾನೆ, ಆಮೇಲೆ ಕಿಕ್ಕೇ ಕಾಣೆ. ಟ್ಯೂನ್ ನಾಬ್ ತಿರುಗಿಸಿ ಷಡ್ಜಕ್ಕೋ ಪಂಚಮಕ್ಕೋ ತನ್ನಿ, ಇಲ್ಲಾ ಕಿಕ್ಕನ್ನು ಗಿಡ್ಡ ಮಾಡಿ.

ಮಿಕ್ಸರಿಗೆ ಕೊಡುವಾಗ ಎರಡು ಮೂರು ಸಂಗತಿ. ಗ್ರೌಂಡಿನ ಸೌಂಡ್ ಸಿಸ್ಟಮ್ ಹೆಚ್ಚಾಗಿ ಮೋನೋದಲ್ಲೇ ಇರುದು, ನೀವು ಹೈಹ್ಯಾಟ್ ಎಡಕ್ಕೆ ಟಾಮ್ ಬಲಕ್ಕೆ ಅಂತ ಚಂದ ಮಾಡಿ ಒಂದೇ ಕಡೆಯ ವಯರ್ ಹಾಕಿದ್ರೆ ಅರ್ಧ ವಾದ್ಯ ಮಾಯ. ಎಲ್ಲವನ್ನೂ ನಡುವಿಗೆ ತನ್ನಿ. ಗಿಟಾರ್ ವಯರನ್ನೇ 20 ಮೀಟರ್ ಎಳೆದ್ರೆ ಗುಂಯ್ಗುಟ್ತದೆ, ಜನರೇಟರ್ ಇದ್ರೆ ಇನ್ನೂ ಜಾಸ್ತಿ, ಹತ್ರವೇ ಒಂದು ಡಿಐ ಬಾಕ್ಸ್, ಅಂದ್ರೆ ವಾದ್ಯದ ಸಿಗ್ನಲನ್ನು ಮೈಕಿನ ವಯರಿಗೆ ಹೊಂದಿಸುವ ಡಬ್ಬಿ, ಇಟ್ಟು ಅಲ್ಲಿಂದ ಮೈಕಿನ ವಯರಲ್ಲಿ ಕಳಿಸಿ. ಕಿಕ್ಕಿಗೆ ಬೇರೆ ಔಟ್ ಇದ್ರೆ ಅದನ್ನು ಬೇರೆ ಚಾನೆಲಿಗೆ ಕೊಡಿ. ಇನ್ನೊಂದು, ಎದುರಿನ ಬಾಕ್ಸಿನ ಸದ್ದು ಕೇಳಿ ಬಾರಿಸ್ಬೇಡಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುದು, ಬಾಕ್ಸ್ 15 ಮೀಟರ್ ದೂರ ಉಂಟಾದ್ರೆ 44 ಮಿಲಿಸೆಕೆಂಡ್ ತಡ, 120ರ ಲಯದಲ್ಲಿ ಒಂದು ಸ್ಟೆಪ್ ಅಂದ್ರೆ 125 ಮಿಲಿಸೆಕೆಂಡ್, ಅದರ ಮೂರನೇ ಒಂದು ಭಾಗ ನೀವು ಹಿಂದೆ. ಅದಕ್ಕೇ ಹಾಡುವವ್ರ ಕಾಲಬುಡದಲ್ಲಿ ಒಂದು ಮಾನಿಟರ್ ಬೇಕು, ಇಲ್ಲಾ ವಯರ್ ಇರುವ ಇಯರ್‌ಫೋನು. ಬ್ಲೂಟೂತ್ ಬೇಡ, ಅದು 100 ಮಿಲಿಸೆಕೆಂಡಿಗಿಂತಲೂ ತಡ ಆಗುದು ಸಾಮಾನ್ಯ.

ರೆಕಾರ್ಡಿಂಗಿಗೆ ಬಂದ್ರೆ ಲೆಕ್ಕ ಉಲ್ಟಾ. ಅಲ್ಲಿ ಕಾಲಲ್ಲಿ ಒತ್ತುದು, ಏಳ್ಲಿಕ್ಕೆ ಎಷ್ಟು ಹೊತ್ತು, ಇದೆಲ್ಲ ಯಾರಿಗೆ ಬೇಕು, ಅಲ್ಲಿ ಬೇಕಾದ್ದು ವಾದ್ಯಗಳು ಬೇರೆ ಬೇರೆ ಸಿಗುದು. ಕಿಕ್, ಸ್ನೇರ್, ಉಳಿದದ್ದು ಅಂತ ಕನಿಷ್ಠ ಮೂರು ಟ್ರ್ಯಾಕ್ ಆದ್ರೂ ಆಗ್ಬೇಕು, ಇಲ್ಲದಿದ್ರೆ ಮಿಕ್ಸ್ ಮಾಡುವಾಗ ಸ್ನೇರ್ ಜೋರು ಮಾಡ್ಬೇಕಾದ್ರೆ ಎಲ್ಲವೂ ಜೋರಾಗ್ತದೆ. ಟಿಆರ್-8ಎಸ್ ಒಂದೇ ಯುಎಸ್‌ಬಿ ವಯರಲ್ಲಿ ಬೇರೆ ಬೇರೆ ಟ್ರ್ಯಾಕಾಗಿ ಕಂಪ್ಯೂಟರಿಗೆ ಕಳಿಸ್ತದೆ, ಡಿಜಿಟಾಕ್ಟಲ್ಲಿ ಹಿಂದೆ ಎರಡೇ ಔಟ್ ಇದ್ರೂ ಓವರ್‌ಬ್ರಿಡ್ಜ್ ಸಾಫ್ಟ್‌ವೇರ್ ಹಾಕಿದ್ರೆ ಹಾಗೇ ಸಿಗ್ತದೆ, ಡ್ರಮ್‌ಬ್ರೂಟಲ್ಲಿ ಹನ್ನೆರಡು ಸಣ್ಣ ಔಟೇ ಉಂಟು ಆದ್ರೆ ಅಷ್ಟು ಇನ್‌ಪುಟ್ ಇರುವ ಇಂಟರ್‌ಫೇಸ್, ಅಂದ್ರೆ ಸದ್ದನ್ನು ಕಂಪ್ಯೂಟರಿಗೆ ಹಾಕುವ ಪೆಟ್ಟಿಗೆ, ನಿಮ್ಮಲ್ಲಿ ಬೇಕಲ್ಲ. ಎರಡೇ ಔಟ್ ಇರುವ ಅಗ್ಗದ ಮೆಷೀನ್ ಆದ್ರೂ ಬೇಸರ ಬೇಡ. ಕಂಪ್ಯೂಟರಿಂದ ಮಿಡಿ ಕ್ಲಾಕ್ ಕೊಟ್ಟು, ಅಂದ್ರೆ ಒಂದು ಬೀಟಿಗೆ 24 ಮಿಣುಕಿನ ಲೆಕ್ಕದಲ್ಲಿ ಕಂಪ್ಯೂಟರೇ ಲಯ ಹೇಳುದು, ಪೂರ್ತಿ ಹಾಡನ್ನು ಮೊದ್ಲು ಕಿಕ್ ಒಂದನ್ನೇ ಬಾರಿಸಿ ರೆಕಾರ್ಡ್ ಮಾಡಿ, ಆಮೇಲೆ ಸ್ನೇರ್ ಮಾತ್ರ, ಆಮೇಲೆ ಹೈಹ್ಯಾಟ್. ಪ್ರತಿ ಸಲ ಶುರುವಾಗುದ್ರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರ್ತದೆ, ಅದಕ್ಕೆ ಎಲ್ಲದರ ಮೊದಲಿಗೂ ಒಂದೊಂದು ಕೌಬೆಲ್ ಪೆಟ್ಟು ಇಡಿ, ಕೊನೆಗೆ ಆ ಪೆಟ್ಟುಗಳನ್ನು ಒಂದೇ ಗೆರೆಗೆ ತಂದು ನಿಲ್ಲಿಸಿ ಕತ್ತರಿಸಿ ಬಿಸಾಡಿದ್ರೆ ಆಯ್ತು. ಹೊತ್ತು ಜಾಸ್ತಿ, ಖರ್ಚು ಸೊನ್ನೆ.

ಮೆಷೀನಿನೊಳಗಿನ ರಿವರ್ಬ್ ಅಂದ್ರೆ ಪ್ರತಿಧ್ವನಿ, ಕಂಪ್ರೆಸರ್ ಅಂದ್ರೆ ಜೋರು ಮೆಲ್ಲವನ್ನು ಹತ್ರ ತರುದು, ಎಲ್ಲ ಬಂದ್ ಮಾಡಿ ಒಣ ಸದ್ದೇ ತಗೊಳ್ಳಿ, ಒಮ್ಮೆ ಒದ್ದೆ ಮಾಡಿದ್ದನ್ನು ಮತ್ತೆ ಒಣಗಿಸ್ಲಿಕ್ಕೆ ಆಗುದಿಲ್ಲ. 24 ಬಿಟ್ ರೆಕಾರ್ಡಿಂಗಲ್ಲಿ ಪೀಕ್, ಅಂದ್ರೆ ಅತಿ ಜೋರಿನ ಪೆಟ್ಟು, ಮೈನಸ್ 10 ಡಿಬಿಯ ಹತ್ರ ಬಂದ್ರೆ ಸಾಕು, ಕೆಂಪು ಲೈಟ್ ಮುಟ್ಟಿಸುವ ಶೋಕಿ ಬೇಡ. ನಾನು ಈಗ ಹೆಚ್ಚಾಗಿ ಮಾಡುದು ಎಂತ ಅಂದ್ರೆ ಮೆಷೀನ್ ಬಾರಿಸ್ತಾ ಇರುವಾಗ ಅದರ ಮೇಲೆ ನಿಜವಾದ ಡೋಲಕ್ಕೋ ತಾಳವೋ ಒಬ್ಬರಿಂದ ಬಾರಿಸಿ ರೆಕಾರ್ಡ್ ಮಾಡಿ, ಕೊನೆಗೆ ಮೆಷೀನನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಬಿಡುದು. ಕೇಳುವವ್ರಿಗೆ ಮೆಷೀನ್ ಉಂಟು ಅಂತಲೇ ಗೊತ್ತಾಗುದಿಲ್ಲ, ಆದ್ರೆ ಲಯ ಕದಲುದಿಲ್ಲ.

ಹಾಗಾದ್ರೆ ಯಾವುದು ತಗೊಳ್ಳುದು? ಒಬ್ಬನೇ ಹಾಡುವವ, ಪೈಸೆ ಕಮ್ಮಿ, ಫುಟ್‌ಸ್ವಿಚ್ ಬೇಕು ಅಂದ್ರೆ ಸೆಕೆಂಡ್‌ಹ್ಯಾಂಡ್ ಎಸ್‌ಆರ್-16 ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳಿ, 233 ಸದ್ದು ಉಂಟು ಒಳಗೆ, ಹೊಸದು ತುಂಬಿಸ್ಲಿಕ್ಕೆ ಆಗುದಿಲ್ಲ ಅಷ್ಟೇ. ಸ್ಟೇಜೂ ರೆಕಾರ್ಡಿಂಗೂ ಎರಡೂ ಬೇಕು, ಮೆಷೀನಿಗೇ ಅಂತ ಒಬ್ಬ ಇದ್ದಾನೆ ಅಂದ್ರೆ ಟಿಆರ್-8ಎಸ್, ಹನ್ನೊಂದು ವಾದ್ಯಕ್ಕೆ ಹನ್ನೊಂದು ಫೇಡರ್, ಅಂದ್ರೆ ಜೋರು ಮೆಲ್ಲ ಮಾಡುವ ಜಾರುಗುಂಡಿ, ಕೈ ಹಾಕಿದಲ್ಲಿ ಸಿಗ್ತದೆ. ಅದು ದುಬಾರಿ ಆಯ್ತು ಅಂದ್ರೆ ಟಿಆರ್-6ಎಸ್, ಆರೇ ಟ್ರ್ಯಾಕು, ಆದ್ರೆ ಸ್ಕೂಟರಿನ ಡಿಕ್ಕಿಯಲ್ಲಿ ಹೋಗ್ತದೆ. ಮನೆಯಲ್ಲೇ ಹಾಡು ಕಟ್ಟುವವ್ರಿಗೆ ಡಿಜಿಟಾಕ್ಟ್ ಅಥವಾ ಎಂಪಿಸಿ, ಎರಡೂ ಕಲಿಯಲಿಕ್ಕೆ ಒಂದೆರಡು ತಿಂಗಳು ಬೇಕು. ಇನ್ನೂ ಖಾತ್ರಿ ಇಲ್ಲದವ್ರು ಹೈಡ್ರೋಜನ್ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ಹಳೇ ಲ್ಯಾಪ್‌ಟಾಪಲ್ಲೂ ಓಡ್ತದೆ, ಅದ್ರಲ್ಲಿ ನಿಮ್ಮ ಐದು ಹಾಡು ಬರೆದು ನೋಡಿ. ಬರೆಯಲಿಕ್ಕೇ ಬೋರ್ ಆಯ್ತು ಅಂದ್ರೆ ಮೆಷೀನ್ ತಗೊಂಡ್ರೂ ಬೋರೇ ಆಗುದು, ಪೈಸೆ ಉಳೀತಲ್ಲ.

ಅಂಗಡಿಗೆ, ನಮಗೆ ಮಂಗಳೂರೋ ಕಣ್ಣೂರೋ ಹತ್ರ, ಹೋಗುವಾಗ ಖಾಲಿ ಕೈಯಲ್ಲಿ ಹೋಗ್ಬೇಡಿ. ಒಂದು ಹೆಡ್‌ಫೋನ್, ಒಂದು ಹಾಡಿನ ತಾಳ ಕಾಗದದಲ್ಲಿ ಬರೆದು ತಗೊಂಡು ಹೋಗಿ ಅಲ್ಲೇ ಕೂತು ಅದನ್ನು ಮೆಷೀನಿಗೆ ಹಾಕಿ, ಅರ್ಧ ಗಂಟೆಯಲ್ಲಿ ಆಗದಿದ್ರೆ ಆ ಮೆಷೀನ್ ನಿಮ್ಮ ಕೈಗೆ ಹೇಳಿದ್ದಲ್ಲ. ಸೆಕೆಂಡ್‌ಹ್ಯಾಂಡ್ ಆದ್ರೆ ಪ್ರತಿ ಬಟನನ್ನೂ ಒತ್ತಿ, ಪ್ರತಿ ಫೇಡರನ್ನೂ ಸದ್ದು ಬರ್ತಿರುವಾಗಲೇ ಮೇಲೆ ಕೆಳಗೆ ಎಳೆಯಿರಿ, ಚರಚರ ಅಂದ್ರೆ ಒಳಗೆ ತೇವ ಹೋಗಿದೆ ಅಂತ ಅರ್ಥ, ಸಮುದ್ರ ಬದಿಯ ಮನೆಯ ಮಾಲಿಗೆ ಇದು ಗ್ಯಾರಂಟಿ ಇರುವ ಕಾಯಿಲೆ. ಹಳೇದ್ರಲ್ಲಿ ಮೆಮೊರಿ ಹಿಡ್ಕೊಳ್ಳುವ ಸಣ್ಣ ಬ್ಯಾಟರಿ ಒಳಗೆ ಇರ್ತದೆ, ಒಂದು ಪ್ಯಾಟರ್ನ್ ಬರೆದು ವಯರ್ ಕಿತ್ತು ಒಂದು ಚಾ ಕುಡಿದು ಬಂದು ಮತ್ತೆ ಹಾಕಿ ನೋಡಿ, ಬರೆದದ್ದು ಇಲ್ಲದಿದ್ರೆ ಬ್ಯಾಟರಿ ಹೋಗಿದೆ, ಅಷ್ಟು ರೇಟ್ ಕಮ್ಮಿ ಮಾಡಿಸ್ಬಹುದು.

ತಂದ ಮೇಲೆ ಮಳೆಗಾಲದ ನಾಲ್ಕು ತಿಂಗಳು ಅದನ್ನು ಬ್ಯಾಗೊಳಗೇ ಬಿಡ್ಬೇಡಿ, ನಮ್ಮಲ್ಲಿ ಬ್ಯಾಗಿಗೇ ಬೂಸ್ಲು ಬರ್ತದೆ. ಮುಚ್ಚಳ ಗಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ವಾರಕ್ಕೊಮ್ಮೆ ತೆಗೆದು ಅರ್ಧ ಗಂಟೆ ಬಾರಿಸಿ. ಬದಿಯಡ್ಕದ ಹುಡುಗ ಕೊನೆಗೆ ಟಿಆರ್-6ಎಸ್ ತಗೊಂಡ, ಒತ್ತುದು ಕೀಬೋರ್ಡಿನವನಂತೆ, ಅವ್ನ ಎಡಗೈ ಹೇಗೂ ಖಾಲಿಯೇ ಇತ್ತು ಅಂತ ಹೇಳಿದ.